ಪೊರೆ ತೆಗೆದ ಮೇಲೂ ನಟ್ಟನಡುವೆ ಮಸುಕೇಕೆ?

ತಿಪಟೂರಿನ ಹತ್ತಿರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಅಡುಗೆಮನೆ ಬಾಗಿಲಿನ ಪಕ್ಕಕ್ಕೆ ಒಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ದೇವರ ಚಿತ್ರವೂ ಇಲ್ಲದ, ಬರೀ ಚೌಕಗಳ ಕ್ಯಾಲೆಂಡರ್. ದೊಡ್ಡ ಅಂಕಿಯಲ್ಲಿ ತಾರೀಕು, ಅದರ ಕೆಳಗೆ ಸಣ್ಣಕ್ಷರದಲ್ಲಿ ತಿಥಿ, ನಕ್ಷತ್ರ. ಹಾಲಿನ ಲೆಕ್ಕ, ಸಿಲಿಂಡರ್ ಬದಲಿಸಿದ ದಿನ, ಕಾಯಿ ಕೀಳಿಸಿದ ದಿನ, ಎಲ್ಲವೂ ಆ ಚೌಕಗಳಲ್ಲೇ ಪೆನ್ಸಿಲಿನಲ್ಲಿ ದಾಖಲಾಗುತ್ತವೆ.

74ನೇ ವಯಸ್ಸಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದ ದೊಡ್ಡಮ್ಮ, ಕಟ್ಟು ಬಿಚ್ಚಿದ ಮೇಲೆ ಮೊದಲು ಹೋಗಿ ನಿಂತದ್ದು ಆ ಕ್ಯಾಲೆಂಡರಿನ ಮುಂದೆ. ತಾರೀಕುಗಳನ್ನು ಮಕ್ಕಳು ಮಗ್ಗಿ ಹೇಳುವ ಹಾಗೆ ಗಟ್ಟಿಯಾಗಿ ಓದಿದರು. ಭಾನುವಾರದ ಕೆಂಪು ಇಷ್ಟು ಕೆಂಪಗಿದೆ ಎಂದು ಗೊತ್ತೇ ಇರಲಿಲ್ಲ ಎಂದರು. ಆರು ತಿಂಗಳು ಕಳೆದಿರಬಹುದು, ಒಂದು ಬೆಳಿಗ್ಗೆ ಫೋನ್ ಬಂತು. “ಹದಿನೈದನೇ ತಾರೀಕು ಎಲ್ಲಿ ಹೋಯ್ತೋ? ಸುತ್ತ ಇರೋದೆಲ್ಲ ಕಾಣುತ್ತೆ, ನೋಡಕ್ಕೆ ಹೋದದ್ದೇ ಮಾಯ. ಗೆರೆ ಎಲ್ಲ ಸೊಟ್ಟ ಸೊಟ್ಟ. ಆಪರೇಷನ್ ಮಾಡಿಸಿಕೊಂಡಿದ್ದೇ ತಪ್ಪಾಯ್ತು ಕಣೋ. ಇನ್ನೊಂದು ಕಣ್ಣನ್ನು ಮಾತ್ರ ಯಾರಿಗೂ ಮುಟ್ಟಕ್ಕೆ ಬಿಡಲ್ಲ.”

ಈ ಮಾತು ನಮ್ಮ ದೊಡ್ಡಮ್ಮ ಒಬ್ಬರದಲ್ಲ. ಪೊರೆ ಆಪರೇಷನ್ ಆದ ಕೆಲವು ತಿಂಗಳಿಗೋ ವರ್ಷಕ್ಕೋ ಕಣ್ಣಿನ ನಡುಭಾಗ ಮಸುಕಾದ ಹಿರಿಯರು ಬಹಳ ಮನೆಗಳಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರ ತೀರ್ಮಾನವೂ ಇದೇ: ಲೆನ್ಸ್ ಹಾಕಿದ್ದರಿಂದಲೇ ಹೀಗಾಯಿತು. ಆ ತೀರ್ಮಾನ ಅಕ್ಕಪಕ್ಕದ ಮನೆಗೂ ಹರಡಿ, ಪೊರೆ ಬಲಿತು ಕೂತವರು ಆಸ್ಪತ್ರೆಯ ಕಡೆ ತಲೆ ಹಾಕದಂತೆ ಮಾಡುತ್ತದೆ. ವೈದ್ಯವಿಜ್ಞಾನವೇ ಮೂರು ದಶಕ ಈ ಅನುಮಾನವನ್ನು ಹೊತ್ತು ತಿರುಗಿದೆ. ಈಗ ಸಿಕ್ಕಿರುವ ಉತ್ತರ ಹಳ್ಳಿಯ ಜಗಲಿಯವರೆಗೂ ತಲುಪಬೇಕು ಎಂಬುದೇ ಈ ಬರಹದ ಕಾಳಜಿ.

ಗಾಜು ಬೇರೆ, ಬತ್ತಿ ಬೇರೆ

ಕರೆಂಟು ನೆಚ್ಚಿಕೊಳ್ಳುವಂತಿಲ್ಲದ ದಿನಗಳಲ್ಲಿ, ಬೇಸಿಗೆ ರಜೆಗೆ ದೊಡ್ಡಮ್ಮನ ಮನೆಗೆ ಹೋದರೆ ಸಂಜೆ ಲಾಟೀನಿನ ಗಾಜು ಒರೆಸುವ ಕೆಲಸ ನಮ್ಮ ಪಾಲಿಗೆ ಬರುತ್ತಿತ್ತು. ಒಲೆಯ ಬೂದಿ, ಹಳೇ ಪಂಚೆಯ ತುಂಡು. ಗಾಜಿಗೆ ಮಸಿ ಕಟ್ಟಿದಾಗ ಒಳಗಿನ ಬತ್ತಿ ನೆಟ್ಟಗಿದೆಯೋ ಕರಕಲಾಗಿದೆಯೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಗಾಜು ಒರೆಸಿದ ಮೇಲೆಯೇ ಬತ್ತಿಯ ನಿಜಸ್ಥಿತಿ ಕಣ್ಣಿಗೆ ಬೀಳುತ್ತಿತ್ತು. ಕಣ್ಣಿನ ಈ ಎರಡು ಕಾಯಿಲೆಗಳ ನಂಟನ್ನು ತಿಳಿಯಲು ಇಷ್ಟು ನೆನಪಿದ್ದರೆ ಸಾಕು.

ಪಾಪೆಯ ಹಿಂದೆ ಇರುವ ಮಸೂರವೇ ಗಾಜು. ನೀರು ಮತ್ತು ಪ್ರೋಟೀನಿನಿಂದಾದ ಈ ಲೆನ್ಸ್ ಎಳೆತನದಲ್ಲಿ ತಿಳಿನೀರಿನಂತಿರುತ್ತದೆ. ವಯಸ್ಸಾದಂತೆ ಅದರ ಪ್ರೋಟೀನುಗಳು ಗಂಟುಕಟ್ಟಿ, ಮೊದಲು ಹಳದಿಗೆ ತಿರುಗಿ, ಆಮೇಲೆ ಕಂದಾಗಿ ಬೆಳಕನ್ನು ತಡೆಯುತ್ತವೆ. ಹಳೇ ಮೈಸೂರಿನವರು ಇದನ್ನೇ ಪೊರೆ ಎನ್ನುತ್ತಾರೆ, ಉತ್ತರ ಕರ್ನಾಟಕದವರು ಮೋತಿಬಿಂದು ಎನ್ನುತ್ತಾರೆ. ಇಡೀ ನೋಟ ಮಂಜು ಕವಿದಂತಾಗುತ್ತದೆ, ರಾತ್ರಿ ಎದುರಿನ ವಾಹನದ ದೀಪ ಕಣ್ಣಿಗೆ ರಾಚುತ್ತದೆ, ಬಣ್ಣಗಳು ಕಳೆಗುಂದುತ್ತವೆ. ಮಸುಕಾದ ಲೆನ್ಸನ್ನು ತೆಗೆದು ಕೃತಕ ಲೆನ್ಸ್ ಕೂರಿಸಿದರೆ ಬೆಳಕಿನ ದಾರಿ ಮತ್ತೆ ತೆರೆದುಕೊಳ್ಳುತ್ತದೆ.

ಬತ್ತಿ ಇರುವುದು ಕಣ್ಣಿನ ಹಿಂಗೋಡೆಯಲ್ಲಿ. ಬೆಳಕನ್ನು ನರಸಂಕೇತವಾಗಿ ಮಾರ್ಪಡಿಸುವ ತೆಳುಪದರ ರೆಟಿನಾ. ಅದರ ನಟ್ಟನಡುವೆ ಸುಮಾರು 5 ಮಿಲಿಮೀಟರ್ ಅಗಲದ, ಒಂದು ತೊಗರಿಬೇಳೆಯಷ್ಟು ಜಾಗಕ್ಕೆ ಮ್ಯಾಕುಲಾ ಎಂದು ಹೆಸರು. ಸೂಜಿಗೆ ದಾರ ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಬಸ್ಸಿನ ಬೋರ್ಡು ಓದುವುದು, ಎದುರಿಗೆ ಬಂದವರ ಮುಖದ ಗುರುತು ಹಿಡಿಯುವುದು, ಇವೆಲ್ಲ ಆ ಬೇಳೆಯಷ್ಟು ಜಾಗದ ಕೆಲಸ. ಉಳಿದ ರೆಟಿನಾ ಗೋಡೆ, ಬಾಗಿಲು, ದಾರಿಯನ್ನು ತೋರಿಸುತ್ತದೆ. ಮ್ಯಾಕುಲಾ ಕೆಟ್ಟವರಿಗೆ ಮನೆಯೊಳಗೆ ಓಡಾಡಲು ಹೆಚ್ಚು ತೊಂದರೆ ಇಲ್ಲ, ಆದರೆ ಮಗನ ಮುಖ ಇರುವ ಕಡೆ ಒಂದು ಮಬ್ಬು ಕೂತಿರುತ್ತದೆ.

ಸದ್ದಿಲ್ಲದೆ ಸವೆಯುವ ಪರಿ

ಮ್ಯಾಕುಲಾದ ಜೀವಕೋಶಗಳು ದೇಹದಲ್ಲೇ ಅತಿಹೆಚ್ಚು ದುಡಿಯುವ ಕೋಶಗಳ ಸಾಲಿಗೆ ಸೇರಿದವು. ಅವುಗಳ ಅಡಿಗೆ ಹಾಸಿರುವ ಬಣ್ಣದ ಕೋಶಗಳ ಪದರ ಅವಕ್ಕೆ ಆಹಾರ ಒದಗಿಸುತ್ತದೆ, ಕಸ ಎತ್ತುತ್ತದೆ. ವಯಸ್ಸಾದಂತೆ ಈ ಸ್ವಚ್ಛತೆಯ ಕೆಲಸ ನಿಧಾನವಾಗಿ, ಎತ್ತದೆ ಉಳಿದ ಕಸ ಪದರದ ಕೆಳಗೆ ಹಳದಿ ಗುಬ್ಬಿಗಳಾಗಿ ಶೇಖರವಾಗುತ್ತದೆ. ವೈದ್ಯರು ಇವನ್ನು ಡ್ರೂಸೆನ್ ಎನ್ನುತ್ತಾರೆ. ಸಣ್ಣ ಡ್ರೂಸೆನ್ ವಯಸ್ಸಾದ ಬಹುಪಾಲು ಕಣ್ಣುಗಳಲ್ಲಿ ಕಾಣುವಂಥದ್ದೇ. ಅವು ದೊಡ್ಡದಾಗಿ, ಒಂದಕ್ಕೊಂದು ಕೂಡಿಕೊಂಡಾಗ ಎಚ್ಚರಿಕೆಯ ಗಂಟೆ. ಇದೇ ವಯಸ್ಸಿನ ಮ್ಯಾಕುಲಾ ಸವೆತ, ವೈದ್ಯರ ಬಾಯಲ್ಲಿ ಎಎಂಡಿ. ರೋಗಿಗೆ ಹೇಳುವಾಗ “ಹಿಂದಿನ ಪರದೆ ವೀಕಾಗಿದೆ” ಎಂದುಬಿಡುತ್ತಾರೆ.

ಇದರಲ್ಲಿ ಎರಡು ಬಗೆ. ಒಣ ಬಗೆಯಲ್ಲಿ ಕೋಶಗಳು ವರ್ಷಗಟ್ಟಲೆ ಮೆಲ್ಲಗೆ ಸೊರಗುತ್ತವೆ. ಒದ್ದೆ ಬಗೆಯಲ್ಲಿ ರೆಟಿನಾದ ಅಡಿಯಲ್ಲಿ ಬೇಡದ ರಕ್ತನಾಳಗಳು ಮೊಳೆತು, ನೀರು ಇಲ್ಲವೇ ರಕ್ತ ಸೋರಿ, ವಾರಗಳಲ್ಲೇ ನಡುನೋಟ ಹೋಗಬಹುದು. ಒಣ ಬಗೆಯವರೇ ಹೆಚ್ಚು. ಅವರಲ್ಲಿ ಕೆಲವರದು ಮುಂದೆ ಒದ್ದೆಯಾಗುತ್ತದೆ. 2020ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 19.6 ಕೋಟಿ ಜನರಿಗೆ ಈ ಸವೆತದ ಯಾವುದಾದರೂ ಹಂತ ಇರುತ್ತದೆ, 2040ಕ್ಕೆ ಆ ಸಂಖ್ಯೆ 28.8 ಕೋಟಿ ಮುಟ್ಟುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಂದಾಜು ಹೇಳಿತ್ತು.

ಭಾರತದಲ್ಲಿ ಪೊರೆಯ ಹೊರೆ ಇದಕ್ಕಿಂತ ಎದ್ದು ಕಾಣುತ್ತದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ 50 ದಾಟಿದವರ ಕುರುಡಿಗೆ ಶೇ 66.2ರಷ್ಟು ಕಾರಣ ಚಿಕಿತ್ಸೆ ಕಾಣದ ಪೊರೆ. ಪೊರೆಯ ಕುರುಡು ಕಳೆಯಬಹುದಾದ ಕುರುಡು. ಮ್ಯಾಕುಲಾ ಸವೆತದಲ್ಲಿ ಹೋದ ಕೋಶ ಮರಳಿ ಬರುವುದಿಲ್ಲ. ಎರಡೂ ಬರುವುದು ಒಂದೇ ವಯಸ್ಸಿನಲ್ಲಿ, ಎಷ್ಟೋ ಸಲ ಒಂದೇ ಕಣ್ಣಿನಲ್ಲಿ. ಗೊಂದಲ ಹುಟ್ಟುವುದು ಇಲ್ಲೇ.

ಅನುಮಾನ ಹುಟ್ಟಿದ ಬಗೆ

ಪೊರೆಗೆ ನಮ್ಮ ನಾಡಿನಲ್ಲಿ ಶಸ್ತ್ರದ ಇತಿಹಾಸ ದೊಡ್ಡದು. ಸುಶ್ರುತ ಸಂಹಿತೆಯಲ್ಲಿ ಮಸುಕಾದ ಲೆನ್ಸನ್ನು ಸಲಾಕೆಯಿಂದ ಪಕ್ಕಕ್ಕೆ ಸರಿಸುವ ವಿಧಾನದ ವಿವರಣೆ ಇದೆ. ಕಳೆದ ಶತಮಾನದಲ್ಲಿ, ಬೀಳಗಿಯವರಾದ ಡಾ. ಎಂ.ಸಿ. ಮೋದಿಯವರು ಶಾಲೆ, ಛತ್ರಗಳನ್ನೇ ಆಪರೇಷನ್ ಕೊಠಡಿ ಮಾಡಿಕೊಂಡು ಊರೂರಲ್ಲಿ ನೇತ್ರ ಶಿಬಿರ ನಡೆಸಿದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಅವರ ಹೆಸರು ಗಿನ್ನೆಸ್ ದಾಖಲೆಗೆ ಸೇರಿತು. ಆ ಕಾಲದ ಶಿಬಿರಗಳಲ್ಲಿ ಲೆನ್ಸ್ ತೆಗೆಯುತ್ತಿದ್ದರು, ಬದಲಿ ಲೆನ್ಸ್ ಇರುತ್ತಿರಲಿಲ್ಲ. ಜನ ‘ಸೋಡಾಬುಡ್ಡಿ’ ಎನ್ನುತ್ತಿದ್ದ ದಪ್ಪ ಕನ್ನಡಕವೇ ಗತಿ.

ಬದಲಿ ಲೆನ್ಸಿನ ಕಥೆ ಶುರುವಾದದ್ದು ಲಂಡನ್ನಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ಪೈಲಟ್‌ಗಳ ಕಣ್ಣೊಳಗೆ ವಿಮಾನದ ಕಿಟಕಿಯ ಪರ್ಸ್‌ಪೆಕ್ಸ್ ಚೂರುಗಳು ಸಿಕ್ಕಿಕೊಂಡಿದ್ದರೂ ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ನೇತ್ರತಜ್ಞ ಹೆರಾಲ್ಡ್ ರಿಡ್ಲಿ ಗಮನಿಸಿದರು. ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಲೆನ್ಸ್ ಮಾಡಿಸಿ, 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಪ್ರಯತ್ನ ಮಾಡಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಶ್ರವಣಾತೀತ ಅಲೆಗಳಿಂದ ಪೊರೆಯನ್ನು ಪುಡಿಮಾಡಿ ಹೀರುವ ಫೇಕೋ ವಿಧಾನ ತಂದರು. 1976ರಲ್ಲಿ ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ್ ಆಸ್ಪತ್ರೆಯ ಬಳಗ 1992ರಲ್ಲಿ ಆರೋಲ್ಯಾಬ್ ಕಟ್ಟಿ ಲೆನ್ಸನ್ನು ಬಡವರ ಕೈಗೆಟುಕಿಸಿತು.

ಲೆನ್ಸ್ ಬದಲಿಸಿಕೊಂಡವರು ಲಕ್ಷಗಟ್ಟಲೆಯಾದಂತೆ ಸಂಶೋಧಕರಲ್ಲಿ ಒಂದು ಪ್ರಶ್ನೆ ಎದ್ದಿತು. ಹುಟ್ಟಿನಿಂದ ಬಂದ ಲೆನ್ಸ್ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ವಯಸ್ಸಾಗಿ ಹಳದಿಯಾದಾಗ ನೀಲಿ ಬೆಳಕನ್ನೂ ಸೋಸುತ್ತದೆ. ಅದನ್ನು ಕಿತ್ತು ತಿಳಿಯಾದ ಪ್ಲಾಸ್ಟಿಕ್ ಇಟ್ಟರೆ ಮುಪ್ಪಿನ ಮ್ಯಾಕುಲಾದ ಮೇಲೆ ಒಮ್ಮೆಲೇ ಬಿಸಿಲು ಸುರಿದಂತಾಗುವುದಿಲ್ಲವೇ? ಆಪರೇಷನ್ ನಂತರದ ಉರಿಯೂತ ಸವೆತವನ್ನು ಕೆಣಕುವುದಿಲ್ಲವೇ?

ಈ ಅನುಮಾನಕ್ಕೆ ಎರಡು ಊರುಗಳ ಅಧ್ಯಯನ ಬಲ ಕೊಟ್ಟಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೀವರ್ ಡ್ಯಾಮ್ ಪಟ್ಟಣದಲ್ಲಿ 1980ರ ದಶಕದ ಕೊನೆಯಿಂದ, ಆಸ್ಟ್ರೇಲಿಯಾದ ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಪ್ರದೇಶದಲ್ಲಿ 1990ರ ದಶಕದ ಮೊದಲಿನಿಂದ ಸಾವಿರಾರು ಜನರ ಕಣ್ಣನ್ನು ವರ್ಷಗಟ್ಟಲೆ ಪರೀಕ್ಷಿಸಲಾಯಿತು. 2003ರಲ್ಲಿ ಎರಡರ ಲೆಕ್ಕವನ್ನೂ ಕೂಡಿಸಿ ನೋಡಿದಾಗ, ಪೊರೆ ತೆಗೆಸಿಕೊಂಡಿದ್ದ ಕಣ್ಣುಗಳಲ್ಲಿ ಮುಂದಿನ ಐದು ವರ್ಷಗಳೊಳಗೆ ಮ್ಯಾಕುಲಾ ಸವೆತ ಕೊನೆಯ ಹಂತ ಮುಟ್ಟಿದ್ದು ಉಳಿದವಕ್ಕಿಂತ ಹೆಚ್ಚಾಗಿ ಕಂಡಿತು. ವೈದ್ಯರು ಹಿಂಜರಿದರು. ಸವೆತ ಇರುವ ರೋಗಿಗೆ ಪೊರೆ ತೆಗೆಯಬೇಕೋ ಬೇಡವೋ ಎಂಬುದು ಅತ್ತ ದರಿ ಇತ್ತ ಪುಲಿ ಎನ್ನುವಂತಾಯಿತು.

ಕಾಗೆ ಕೂತದ್ದು, ಕೊಂಬೆ ಮುರಿದದ್ದು

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಕೊಂಬೆ ಮೊದಲೇ ಒಳಗೆ ಟೊಳ್ಳಾಗಿತ್ತೇ ಎಂದು ನೋಡದೆ ಕಾಗೆಯನ್ನು ಬೈಯುವಂತಿಲ್ಲ.

ದೊಡ್ಡಮ್ಮನನ್ನು ಕರೆದುಕೊಂಡು ರೆಟಿನಾ ಡಾಕ್ಟರ ಬಳಿ ಹೋದಾಗ ಈ ಗಾದೆಯ ಅರ್ಥ ನನಗೆ ಕಂಪ್ಯೂಟರ್ ಪರದೆಯ ಮೇಲೆ ಕಂಡಿತು. ಗಲ್ಲವನ್ನು ಪಟ್ಟಿಯ ಮೇಲಿಟ್ಟು, ಹಸಿರು ಚುಕ್ಕಿಯನ್ನು ದಿಟ್ಟಿಸಿ ನೋಡಲು ಹೇಳಿ ಒಂದು ನಿಮಿಷದಲ್ಲಿ ಸ್ಕ್ಯಾನ್ ಮುಗಿಸಿದರು. ಅದು ಓಸಿಟಿ ಸ್ಕ್ಯಾನ್. ಸೂಜಿಯಿಲ್ಲ, ನೋವಿಲ್ಲ, ಬೆಳಕಿನಲ್ಲೇ ರೆಟಿನಾದ ಪದರಗಳನ್ನು ಕೊಯ್ದಿಟ್ಟಂತೆ ತೋರಿಸುತ್ತದೆ. ಬಲಗಣ್ಣಿನ ಚಿತ್ರದಲ್ಲಿ ಪದರಗಳು ಉಬ್ಬಿದ್ದವು, ಅಡಿಯಲ್ಲಿ ಕಪ್ಪಗೆ ನೀರು ನಿಂತಿತ್ತು. ಒದ್ದೆ ಬಗೆ. ದೊಡ್ಡಮ್ಮ ತಮ್ಮ ದೂರನ್ನು ಅಲ್ಲೂ ಬಿಡಲಿಲ್ಲ. ಆ ಡಾಕ್ಟರು ಬೇಸರಿಸದೆ ಚಿತ್ರದ ಅಂಚಿಗೆ ಬೆರಳಿಟ್ಟರು. “ಅಮ್ಮಾ, ಈ ಗುಬ್ಬಿ ಗುಬ್ಬಿ ಇದೆಯಲ್ಲ, ಇದು ಆರು ತಿಂಗಳಲ್ಲಿ ಆಗುವಂಥದ್ದಲ್ಲ. ವರ್ಷಗಳಿಂದ ಕೂತಿರೋದು. ಈಗ ಇದನ್ನು ನೋಡಿ, ಆಪರೇಷನ್ನೇ ಆಗದ ನಿಮ್ಮ ಎಡಗಣ್ಣು.” ಎಡಗಣ್ಣಿನ ಚಿತ್ರದಲ್ಲೂ ಅವೇ ಗುಬ್ಬಿಗಳ ಸಾಲು.

ವಿಜ್ಞಾನ ದೊಡ್ಡ ಪ್ರಮಾಣದಲ್ಲಿ ಮಾಡಿದ್ದೂ ಇದನ್ನೇ. ಹಳೆಯ ಸಮೀಕ್ಷೆಗಳಲ್ಲಿ ಒಂದು ತೊಡಕಿತ್ತು. ಪೊರೆ ಬಲಿತ ಕಣ್ಣಿನಲ್ಲಿ ಒಳಗಿನ ಮ್ಯಾಕುಲಾದ ಫೋಟೊ ಸರಿಯಾಗಿ ಬರುವುದಿಲ್ಲ. ಮಸಿ ಹಿಡಿದ ಗಾಜಿನಾಚೆ ಇದ್ದ ರೋಗ ಲೆಕ್ಕಕ್ಕೆ ಸಿಗದೆ, ಪೊರೆ ತೆಗೆದ ಮೇಲೆ ‘ಹೊಸ ರೋಗ’ ಎಂದು ಪಟ್ಟಿಗೆ ಸೇರಿಬಿಡಬಹುದು. ಆಪರೇಷನ್ ಆದವರು ಕಣ್ಣಿನ ವೈದ್ಯರನ್ನು ಪದೇ ಪದೇ ಕಾಣುವುದರಿಂದ ಅವರ ಕಾಯಿಲೆ ಬೇಗ ಪತ್ತೆಯಾಗುವುದೂ ಸಹಜ. ವಯಸ್ಸು, ಧೂಮಪಾನದಂಥ ಕಾರಣಗಳು ಎರಡೂ ಕಾಯಿಲೆಗೆ ಸಮಾನ ಬೇರು. ಇದರ ಜೊತೆಗೆ 2005ರಲ್ಲಿ ಕಾಂಪ್ಲಿಮೆಂಟ್ ಫ್ಯಾಕ್ಟರ್ ಎಚ್ ಎಂಬ ವಂಶವಾಹಿಗೂ ಮ್ಯಾಕುಲಾ ಸವೆತಕ್ಕೂ ಇರುವ ಗಟ್ಟಿ ನಂಟು ಪತ್ತೆಯಾಯಿತು. ಸವೆತದ ಬೀಜ ಹುಟ್ಟಿನಿಂದಲೇ ಕೆಲವರಲ್ಲಿರುತ್ತದೆ ಎಂದಾಯಿತು.

ಆಸ್ಟ್ರೇಲಿಯಾದ ಸಂಶೋಧಕರು ಒಬ್ಬರದೇ ಎರಡು ಕಣ್ಣುಗಳನ್ನು ಹೋಲಿಸುವ ಜಾಣ ದಾರಿ ಹಿಡಿದರು. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಿಲ್ಲ. ವಯಸ್ಸು, ವಂಶ, ಊಟ, ಅಭ್ಯಾಸ ಎರಡಕ್ಕೂ ಒಂದೇ. 2016ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಮೂರು ವರ್ಷಗಳಲ್ಲಿ ಆಪರೇಷನ್ ಆದ ಕಣ್ಣಿನಲ್ಲಿ ಕೊನೆಯ ಹಂತದ ಸವೆತದ ಅಪಾಯ ಹೆಚ್ಚಿರಲಿಲ್ಲ. ಇದಕ್ಕಿಂತ ಆಳವಾಗಿ ಅಗೆದದ್ದು ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ‘ಅರೆಡ್ಸ್-2’ ಅಧ್ಯಯನ. ಮ್ಯಾಕುಲಾ ಸವೆತ ಬಲಿಯುವ ಅಪಾಯವಿದ್ದ 4,203 ಜನ ಅದರಲ್ಲಿದ್ದರು. ಅವರಲ್ಲಿ ಪೊರೆ ತೆಗೆಸಿಕೊಂಡ ಮತ್ತು ತೆಗೆಸಿಕೊಳ್ಳದ ಕಣ್ಣುಗಳನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿದ ಫಲಿತಾಂಶ 2022ರಲ್ಲಿ ಹೊರಬಂತು: ಶಸ್ತ್ರಚಿಕಿತ್ಸೆಯಿಂದ ಸವೆತ ಕೊನೆಯ ಹಂತ ಮುಟ್ಟುವ ಅಪಾಯ ಹೆಚ್ಚಲಿಲ್ಲ.

ನೀಲಿ ಬೆಳಕಿನ ಭಯಕ್ಕೂ ಒಂದು ಮಾತು. ಇಂದಿನ ಕೃತಕ ಲೆನ್ಸುಗಳಲ್ಲಿ ಅತಿನೇರಳೆ ಕಿರಣ ತಡೆಯುವ ಗುಣ ಬೆರೆತೇ ಬರುತ್ತದೆ. ನೀಲಿಯನ್ನೂ ಸೋಸುವ ಹಳದಿ ಛಾಯೆಯ ಲೆನ್ಸುಗಳೂ ಮಾರುಕಟ್ಟೆಯಲ್ಲಿವೆ. ಅವು ಮ್ಯಾಕುಲಾವನ್ನು ಕಾಯುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದು 2018ರ ಕಾಕ್ರೇನ್ ಪರಾಮರ್ಶೆ ಹೇಳಿತು. ಹಳದಿ ಲೆನ್ಸಿಗೆಂದೇ ಸಾಲ ಮಾಡಿ ಹೆಚ್ಚು ದುಡ್ಡು ತೆರಬೇಕಾಗಿಲ್ಲ.

ಸವೆದ ಕಣ್ಣಿಗೂ ಲಾಭವುಂಟು

ಹಾನಿಯಿಲ್ಲ ಎಂದ ಮೇಲೆ ಮುಂದಿನ ಪ್ರಶ್ನೆ: ಬತ್ತಿಯೇ ಸೊರಗಿರುವಾಗ ಗಾಜು ಒರೆಸಿ ಏನು ಬಂತು? ಇದಕ್ಕೂ ಅರೆಡ್ಸ್-2 ಅಧ್ಯಯನದಲ್ಲಿ ಅಂಕಿಗಳಿವೆ. ಆಸ್ಪತ್ರೆಯ ಅಕ್ಷರಪಟದಲ್ಲಿ ಒಂದು ಸಾಲಿಗೆ ಐದು ಅಕ್ಷರ ಎಂದಿಟ್ಟುಕೊಳ್ಳಿ. ಪೊರೆ ತೆಗೆದ ಮೇಲೆ ಸವೆತ ಕಡಿಮೆ ಇದ್ದ ಕಣ್ಣುಗಳು ಸರಾಸರಿ 11 ಅಕ್ಷರ, ಎಂದರೆ ಎರಡು ಸಾಲಿಗಿಂತ ಹೆಚ್ಚು ಓದಿದವು. ಕೊನೆಯ ಹಂತದ ಸವೆತ ಇದ್ದ ಕಣ್ಣುಗಳೂ ಸರಾಸರಿ 7ರ ಹತ್ತಿರ ಅಕ್ಷರ ಗಳಿಸಿದವು. ಲಾಭ ಕಡಿಮೆಯಾಯಿತು, ಇಲ್ಲವಾಗಲಿಲ್ಲ.

ಅಕ್ಷರಪಟದಾಚೆಯ ಲಾಭವೂ ಇದೆ. ನಡುನೋಟ ಹೋದವರು ಬದುಕು ಸಾಗಿಸುವುದು ಅಂಚಿನ ನೋಟದಿಂದ. ಪೊರೆ ಆ ಅಂಚನ್ನೂ ಮಬ್ಬಾಗಿಸಿದರೆ ಹೊಸ್ತಿಲು ಎಡವುವುದು, ಬಚ್ಚಲಲ್ಲಿ ಜಾರುವುದು ಹೆಚ್ಚುತ್ತದೆ. ಪೊರೆ ಕಳೆದರೆ ಬೆಳಕು, ಬಣ್ಣ, ಮೆಟ್ಟಿಲಿನ ಅಂಚು ಮರಳಿ ಸಿಗುತ್ತವೆ. ಒಳಗಿನ ರೆಟಿನಾವನ್ನು ವೈದ್ಯರು ನಿಚ್ಚಳವಾಗಿ ನೋಡಿ ಚಿಕಿತ್ಸೆ ಮಾಡಲೂ ದಾರಿಯಾಗುತ್ತದೆ.

ಆದರೆ ಭರವಸೆ ಅಳತೆಯಲ್ಲಿರಬೇಕು. “ಆಪರೇಷನ್ ಆದ್ರೆ ಎಲ್ಲ ಕಾಣುತ್ತೆ” ಎಂದು ಹೇಳಿ ಕರೆದೊಯ್ದ ಮಕ್ಕಳೇ ಎಷ್ಟೋ ಸಲ ಅಪ್ಪ ಅಮ್ಮನ ನಿರಾಸೆಗೆ ಕಾರಣರಾಗುತ್ತಾರೆ. “ಮಂಜು ಸರಿಯುತ್ತೆ, ನಡುವಿನ ಮಚ್ಚೆ ಉಳಿಯಬಹುದು” ಎಂಬ ನಿಜವನ್ನು ಮೊದಲೇ ಹೇಳಿದರೆ, ಸಿಕ್ಕಿದ್ದನ್ನು ಅವರು ಸಂತೋಷದಿಂದ ಒಪ್ಪಿಕೊಳ್ಳುತ್ತಾರೆ.

ತೆಗೆಸುವ ಮುಂಚೆ ಹಿಂದೆ ಇಣುಕಿ

ಹೀಗಾಗಿ ಪೊರೆ ತೆಗೆಸುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: “ಡಾಕ್ಟ್ರೇ, ಹಿಂದಿನ ಪರದೆ ಹೇಗಿದೆ?” ಪಾಪೆ ಅಗಲಿಸುವ ಹನಿ ಹಾಕಿ ರೆಟಿನಾ ನೋಡುವುದು ಎಲ್ಲ ಕಡೆ ಇರುವ ಸೌಲಭ್ಯ. ಮನೆಯಲ್ಲಿ ಯಾರಿಗಾದರೂ ಮ್ಯಾಕುಲಾ ಸವೆತ ಇದ್ದರೆ, ಗೆರೆ ಸೊಟ್ಟ ಕಾಣುತ್ತಿದ್ದರೆ, ಪೊರೆ ಅಷ್ಟೇನೂ ಬಲಿಯದಿದ್ದರೂ ನೋಟ ತೀರಾ ಕುಗ್ಗಿದ್ದರೆ ಓಸಿಟಿ ಮಾಡಿಸುವುದು ಒಳ್ಳೆಯದು. ಪೊರೆ ತೀರಾ ಗಟ್ಟಿಯಾಗುವವರೆಗೆ ಕಾಯುವುದರ ನಷ್ಟವೂ ಇದೇ: ಆಗ ಸ್ಕ್ಯಾನಿನ ಬೆಳಕೂ ಒಳಗೆ ಹೋಗದು. ಹಾಗಾದಾಗ ಮೊದಲು ಪೊರೆ ತೆಗೆದು, ಆಮೇಲೆ ತಡಮಾಡದೆ ರೆಟಿನಾ ಪರೀಕ್ಷಿಸುವುದೊಂದೇ ದಾರಿ.

ಸವೆತ ಇದೆ ಎಂದು ಗೊತ್ತಾದರೆ ಲೆನ್ಸಿನ ಆಯ್ಕೆಯೂ ಬದಲಾಗುತ್ತದೆ. ದೂರ ಹತ್ತಿರ ಎರಡೂ ಕಾಣುವ ಮಲ್ಟಿಫೋಕಲ್ ಲೆನ್ಸ್ ಬರುವ ಬೆಳಕನ್ನು ಹಂಚಿಬಿಡುತ್ತದೆ. ಆರೋಗ್ಯವಂತ ಮ್ಯಾಕುಲಾ ಅದನ್ನು ನಿಭಾಯಿಸೀತು, ಸೊರಗಿದ್ದಕ್ಕೆ ಅದು ಕಷ್ಟ. ಇಂಥವರಿಗೆ ಸಾಮಾನ್ಯ ಮೊನೊಫೋಕಲ್ ಲೆನ್ಸೇ ಹಿತ, ಖರ್ಚೂ ಕಡಿಮೆ.

ಒದ್ದೆ ಸವೆತ ಜೋರಾಗಿದ್ದರೆ ಮೊದಲು ಅದನ್ನು ತಹಬಂದಿಗೆ ತಂದು ಆಮೇಲೆ ಪೊರೆಗೆ ಕೈ ಹಾಕುವುದು ವಾಡಿಕೆ. ಅದಕ್ಕೆ ಕಣ್ಣೊಳಗೆ ಇಂಜೆಕ್ಷನ್. ಹೆಸರು ಕೇಳಿದರೆ ಎದೆ ಝಲ್ಲೆನ್ನುವುದು ನಿಜ. ಜೋಮು ಹಿಡಿಸುವ ಹನಿ ಹಾಕಿ, ಕೂದಲೆಳೆಯ ಸೂಜಿಯಿಂದ ಕ್ಷಣದಲ್ಲಿ ಕೊಡುವ ಈ ಮದ್ದು, ಬೇಡದ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಅಡಗಿಸುತ್ತದೆ. 2006ರಲ್ಲಿ ರಾನಿಬಿಜುಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಒದ್ದೆ ಸವೆತದವರ ಹಣೆಬರಹವೇ ಬದಲಾಯಿತು. ಕ್ಯಾನ್ಸರಿಗೆಂದು ಬಂದ ಬೆವಾಸಿಜುಮ್ಯಾಬ್ ಬಹಳ ಅಗ್ಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಫಲ ಕೊಡುತ್ತದೆ ಎಂದು 2011ರ ಅಮೆರಿಕದ ದೊಡ್ಡ ಪ್ರಯೋಗ ತೋರಿಸಿತು. 2015ರಿಂದ ಭಾರತದಲ್ಲೇ ತಯಾರಾದ ರಾನಿಬಿಜುಮ್ಯಾಬ್ ಬಯೋಸಿಮಿಲರ್ ಕೂಡ ಸಿಗುತ್ತಿದೆ. ಒಂದು ಚುಚ್ಚಿಗೆ ಮುಗಿಯುವ ಚಿಕಿತ್ಸೆ ಇದಲ್ಲ. ಮೊದಲು ತಿಂಗಳಿಗೊಂದು, ಆಮೇಲೆ ಸ್ಕ್ಯಾನ್ ನೋಡಿಕೊಂಡು ಅಂತರ ಹೆಚ್ಚಿಸುತ್ತಾರೆ. ಪೊರೆ ತೆಗೆಸಿದ ನಂತರವೂ ಇದನ್ನು ತಪ್ಪಿಸುವಂತಿಲ್ಲ.

ಇನ್ನೊಂದು ಎಚ್ಚರ. ಆಪರೇಷನ್ ಆದ ಕೆಲವು ವಾರಗಳಲ್ಲಿ ನೋಟ ಮತ್ತೆ ಮಸುಕಾದರೆ ಅದು ಮ್ಯಾಕುಲಾದ ಬಾವು ಇರಬಹುದು, ಅದಕ್ಕೆ ಹನಿಗಳಲ್ಲೇ ಬಹುಪಾಲು ಪರಿಹಾರವಿದೆ. ತಿಂಗಳು, ವರ್ಷಗಳ ಮೇಲೆ ಇಡೀ ನೋಟ ಮಂಜಾದರೆ ಲೆನ್ಸಿನ ಹಿಂದಿನ ಚೀಲಕ್ಕೆ ಪೊರೆ ಕಟ್ಟಿರಬಹುದು, ಅದನ್ನು ಲೇಸರಿನಲ್ಲಿ ಬಿಡಿಸುತ್ತಾರೆ. ಕೆಂಪು, ನೋವಿನ ಜೊತೆ ನೋಟ ಇಳಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಯಾವುದು ಏನೆಂದು ಹೇಳಬೇಕಾದವರು ಡಾಕ್ಟರು. ನಾವು ಮಾಡಬೇಕಾದದ್ದು ತಡಮಾಡದೆ ಹೋಗುವುದು.

ಒಂದೊಂದೇ ಕಣ್ಣು ಮುಚ್ಚಿ

ಮ್ಯಾಕುಲಾ ಸವೆತದ ದೊಡ್ಡ ಮೋಸವೆಂದರೆ ಒಂದು ಕಣ್ಣು ಕೆಟ್ಟರೆ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ. ಎರಡೂ ತೆರೆದಿದ್ದಾಗ ಏನೂ ಗೊತ್ತಾಗದು. ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಮಾರ್ಕ್ ಆಮ್ಸ್ಲರ್ 1940ರ ದಶಕದಲ್ಲಿ ಬಳಕೆಗೆ ತಂದ ಚೌಕದ ಹಾಳೆ ಇದಕ್ಕೇ ಇರುವುದು. ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕಿ ನೋಡಬೇಕು. ಗೆರೆ ಬಾಗಿದರೆ, ಅಲೆಯಾದರೆ, ಚೌಕ ಮಾಯವಾದರೆ ಅದೇ ಸುಳಿವು. ಹಾಳೆ ಇಲ್ಲದಿದ್ದರೆ ಬಚ್ಚಲಮನೆಯ ಟೈಲ್ಸು, ಕಿಟಕಿಯ ಸರಳು, ಗೋಡೆಯ ಕ್ಯಾಲೆಂಡರ್ ಆದೀತು. ದೊಡ್ಡಮ್ಮನಿಗೆ ಕಾಯಿಲೆ ಹಿಡಿದುಕೊಟ್ಟದ್ದು ಕ್ಯಾಲೆಂಡರೇ.

ಊಟದಲ್ಲಿ ಹರಿವೆ, ನುಗ್ಗೆ, ಪಾಲಕ್ ಸೊಪ್ಪು ಇರಲಿ. ಮ್ಯಾಕುಲಾದ ಹಳದಿ ಬಣ್ಣಕ್ಕೆ ಕಾರಣವಾದ ಲ್ಯೂಟಿನ್ ಅವುಗಳಲ್ಲಿ ಧಾರಾಳ. ಬೀಡಿ, ಸಿಗರೇಟು ಪೊರೆಯನ್ನೂ ಸವೆತವನ್ನೂ ಒಟ್ಟಿಗೆ ಹತ್ತಿರ ಕರೆಯುತ್ತವೆ, ಅವನ್ನು ಬಿಡಲು ಎಂಬತ್ತು ವರ್ಷವೂ ತಡವಲ್ಲ. ವಿಟಮಿನ್ ಸಿ, ಇ, ಸತು ಮುಂತಾದವು ಸೇರಿದ ಮಾತ್ರೆ ಮಧ್ಯಮ ಹಂತದ ಸವೆತ ಮುಂದುವರಿಯುವ ಅಪಾಯವನ್ನು ಸುಮಾರು ಶೇ 25ರಷ್ಟು ತಗ್ಗಿಸುತ್ತದೆ ಎಂದು 2001ರಲ್ಲಿ ಮೊದಲ ಅರೆಡ್ಸ್ ಅಧ್ಯಯನ ತೋರಿಸಿತು. ಅದರಲ್ಲಿದ್ದ ಬೀಟಾ ಕ್ಯಾರೊಟಿನ್ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುವುದರಿಂದ, 2013ರ ನಂತರ ಅದರ ಜಾಗಕ್ಕೆ ಲ್ಯೂಟಿನ್, ಜಿಯಾಕ್ಸಾಂಥಿನ್ ಬಂದವು. ಸವೆತವೇ ಇಲ್ಲದವರಿಗೆ, ತೀರಾ ಆರಂಭದ ಹಂತದವರಿಗೆ ಇದರಿಂದ ಲಾಭ ಕಂಡಿಲ್ಲ. ಪೊರೆ ತಡೆಯುವ ಮಾತ್ರೆಯೂ ಇದಲ್ಲ. ಡಾಕ್ಟರು ಹೇಳಿದರೆ ಮಾತ್ರ ತೆಗೆದುಕೊಳ್ಳಬೇಕು.

ದೊಡ್ಡಮ್ಮನ ಬಲಗಣ್ಣಿಗೆ ಇಂಜೆಕ್ಷನ್‌ಗಳಾದವು. ನೀರು ಇಂಗಿತು, ಗೆರೆಗಳು ನೆಟ್ಟಗಾದವು, ನಡುವಿನ ಮಸುಕು ಒಂದಿಷ್ಟು ಉಳಿಯಿತು. ಅಷ್ಟರಲ್ಲಿ ಎಡಗಣ್ಣಿನ ಪೊರೆ ಬಲಿತು ಅದರ ಆಸರೆಯೂ ತಪ್ಪುತ್ತಾ ಬಂತು. ಮುಟ್ಟಲು ಬಿಡುವುದಿಲ್ಲ ಎಂದಿದ್ದವರನ್ನು ನಾನು ಒತ್ತಾಯಿಸಲಿಲ್ಲ. ಎರಡೂ ಕಣ್ಣಿನ ಸ್ಕ್ಯಾನ್ ಚಿತ್ರವನ್ನು ಅವರ ಮಡಿಲಲ್ಲಿಟ್ಟು, ಆ ಗುಬ್ಬಿಗಳನ್ನು ಇನ್ನೊಮ್ಮೆ ತೋರಿಸಿದೆ. ಬಹಳ ಹೊತ್ತು ನೋಡಿದರು. “ಹಂಗಾದ್ರೆ ಅದು ಮೊದಲೇ ಒಳಗಿತ್ತು ಅನ್ನು. ಪೊರೆ ತೆಗೆದವರದ್ದೇನು ತಪ್ಪು?” ಎಂದರು. ಕಾರ್ತಿಕ ಕಳೆದ ಮೇಲೆ ಎಡಗಣ್ಣಿಗೂ ಸಾಮಾನ್ಯ ಲೆನ್ಸ್ ಬಂತು, ಅದಕ್ಕೆ ಮುಂಚೆ ಓಸಿಟಿ ಆಗಿತ್ತು, ಆಮೇಲೂ ಆಗುತ್ತಿದೆ.

ಈಗ ಬೆಳಿಗ್ಗೆ ಕಾಫಿ ಮುಗಿಸಿ ಅವರು ಕ್ಯಾಲೆಂಡರಿನ ಮುಂದೆ ನಿಲ್ಲುತ್ತಾರೆ. ಅಂಗೈಯಿಂದ ಬಲಗಣ್ಣು ಮುಚ್ಚಿ ಆ ದಿನದ ಚೌಕ ನೋಡುತ್ತಾರೆ, ಆಮೇಲೆ ಎಡಗಣ್ಣು ಮುಚ್ಚಿ ಅದನ್ನೇ ನೋಡುತ್ತಾರೆ. ಗೆರೆ ನೆಟ್ಟಗಿದ್ದರೆ ಹಾಲಿನ ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ಒಂದು ರೈಟು ಗುರುತು ಹಾಕುತ್ತಾರೆ. ಹೋದ ಸಲ ನಾನು ಹೋದಾಗ ಆ ತಿಂಗಳ ಎಲ್ಲ ಚೌಕದಲ್ಲೂ ಗುರುತು ಬಿದ್ದಿತ್ತು.